ದಾರ ಎಲ್ಲಿ ಕಟ್ಟಬೇಕು?



ರಜೆ ಬಂತೆಂದರೆ ನಮ್ಮ ಹಾಸ್ಟೆಲಿನ ಹುಡುಗರು ಎಷ್ಟೋ ಜನ ಗಾರೆ ಕೆಲಸಕ್ಕೆ ಹೋಗ್ತಾರೆ. ಬಿ.ಎ. ಮುಗಿಸಿದ ಮೇಲೂ ನಾನು ಹೋಗಿದ್ದೇನೆ. ನಾಚಿಕೆಯೇನಿಲ್ಲ. ನಾಚಿಕೆ ಬೇರೆ ಕಡೆ ಇದೆ, ಅದನ್ನೇ ಹೇಳ್ತೇನೆ.

ಬೆಂಗಳೂರಿನ ಒಂದು ಬಡಾವಣೆ. ಮನೆಯಂಗಳಕ್ಕೆ ಪೇವರ್ ಬ್ಲಾಕು ಹಾಸೋ ಕೆಲಸ. ಅಂಗಳದ ಅಂಚಿಗೆ ಕರ್ಬ್ ಕಲ್ಲು. ಅದರಾಚೆ ಜನ ಓಡಾಡುವ ಫುಟ್‌ಪಾತು.

ಬ್ಲಾಕುಗಳನ್ನು ಸಿಮೆಂಟಿನಿಂದ ಅಂಟಿಸೋದಿಲ್ಲ. ಜಲ್ಲಿ ದಮ್ಮಸ್ಸು ಮಾಡಿ, ಒಂದೆರಡು ಅಂಗುಲ ಮರಳು ಹರಡಿ, ಒತ್ತೊತ್ತಾಗಿ ಜೋಡಿಸ್ತಾರೆ. ಅಂಚಿನಲ್ಲಿ ಹಿಡಿತ ಇಲ್ಲದಿದ್ದರೆ ಕಾರು ಹತ್ತಿದಂತೆಲ್ಲ ಬ್ಲಾಕು ಹೊರಕ್ಕೆ ಸರಿಯುತ್ತವೆ, ಸಂದಿಯ ಮರಳು ಮಳೆಗೆ ಕೊಚ್ಚಿ ಹೋಗುತ್ತದೆ. ಅದಕ್ಕೇ ಮೊದಲು ದಾರ ಕಟ್ಟಿ, ಪಾಯ ತೋಡಿ, ಹಸಿ ಕಾಂಕ್ರೀಟಿನ ಮೇಲೆ ಕಲ್ಲು ಕೂರಿಸಿ, ರಸಮಟ್ಟ ಇಟ್ಟು ನೋಡಿ, ಕಲ್ಲಿನ ಬೆನ್ನಿಗೆ ಕಾಂಕ್ರೀಟು ಒತ್ತು ಕೊಡಬೇಕು. ಈ ಒತ್ತು ಬರೋದು ಹೊರಮಗ್ಗುಲಿಗೆ. ಆದ್ದರಿಂದ ಕಲ್ಲಿನ ದಪ್ಪ, ಒತ್ತಿನ ದಪ್ಪ ಎರಡನ್ನೂ ಲೆಕ್ಕ ಹಾಕಿ, ಗಡಿಯಿಂದ ಅಷ್ಟು ಒಳಗೇ ದಾರ ಕಟ್ಟಬೇಕು. ಇದು ಕಸುಬಿನ ನ್ಯಾಯ.

ಮನೆ ಯಜಮಾನರು ದಾರವನ್ನು ಎರಡಡಿ ಆಚೆಗೆ ಕಟ್ಟಿಸಿದರು. 'ಎಲ್ಲಾರೂ ಹಂಗೇ ಮಾಡವ್ರೆ' ಅಂದರು. ಮೇಸ್ತ್ರಿ ನನ್ನ ಮುಖ ನೋಡಿದ. ನಾನು ಕೂಲಿಯ ಮುಖ ನೋಡಿದೆ. ಪಾಯ ತೋಡಿದೆ.

ಮಾರನೇ ಬೆಳಿಗ್ಗೆ ಪೌರಕಾರ್ಮಿಕ ತಾಯಿಯೊಬ್ಬರು ಕಸದ ತಳ್ಳುಗಾಡಿ ಸಮೇತ ಆ ಕಲ್ಲು ಸುತ್ತಿಕೊಂಡು ರಸ್ತೆಗಿಳಿದರು. ಹಿಂದೆ ಲಾರಿಯ ಹಾರನ್ನು. ಅವತ್ತು ನನಗೆ ಅನ್ನ ಸೇರಲಿಲ್ಲ.

ಎರಡಡಿ ತಾನೇ ಅನ್ನಬೇಡಿ. ದಾರಿ ನಮಗೆ ಪುಕ್ಕಟೆ ಸಿಕ್ಕಿದ್ದಲ್ಲ. 1893ರಲ್ಲಿ ಅಯ್ಯಂಕಾಳಿ ಎತ್ತಿನ ಗಾಡಿ ಹತ್ತಿ, ನಮ್ಮಂಥವರು ಕಾಲಿಡಬಾರದ ರಸ್ತೆಗೆ ನುಗ್ಗಬೇಕಾಯಿತು. 1924ರಲ್ಲಿ ವೈಕಂನಲ್ಲಿ ಸತ್ಯಾಗ್ರಹ ನಡೆದದ್ದು ಗುಡಿ ಸುತ್ತಲಿನ ರಸ್ತೆಯಲ್ಲಿ ನಡೆಯೋ ಹಕ್ಕಿಗೆ. ಸಂವಿಧಾನದ 15ನೇ ವಿಧಿ ಬಾವಿ, ಕೆರೆಗಳ ಜೊತೆಗೇ ರಸ್ತೆಯನ್ನೂ ಹೆಸರಿಟ್ಟು, ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಕೂಡದು ಎನ್ನುತ್ತದೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಫುಟ್‌ಪಾತು ಬಳಸುವ ಹಕ್ಕು 21ನೇ ವಿಧಿಯೊಳಗೇ ಇದೆ ಎಂದಿತು. ನಡೆಯಲು ಕನಿಷ್ಠ 1.8 ಮೀಟರ್ ಖಾಲಿ ಇರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯೇ ಹೇಳುತ್ತದೆ.

ಈ ಕಲ್ಲು ಜಾತಿ ಕೇಳೋದಿಲ್ಲ, ನಿಜ. ಆದರೆ ಕಾರಿನಲ್ಲಿ ಹೋಗುವವರು ಇದನ್ನು ಎಡವೋದಿಲ್ಲ. ಎಡವೋರು ನಡೆಯುವವರು. ನಡೆಯುವವರು ಯಾರು? ಸೊಪ್ಪಿನ ಬುಟ್ಟಿ ಇಟ್ಟುಕೊಂಡ ಅಜ್ಜಿ ಒತ್ತುವರಿ ಮಾಡಿದವಳು. ಕಲ್ಲು ನೆಟ್ಟ ಯಜಮಾನ ಮಾತ್ರ ಸಭ್ಯ ನಾಗರಿಕ! ಇದ್ಯಾವ ಊರ ನ್ಯಾಯ?

ಒಬ್ಬನೇ ಕೇಳಿದರೆ ಕೂಲಿ ಹೋಗುತ್ತದೆ, ಗೊತ್ತು. ಆದ್ದರಿಂದ ಮೇಸ್ತ್ರಿ, ಆಳು, ಹೆಣ್ಣಾಳು ಎಲ್ಲರೂ ಸೇರಿ, ಹಾರೆ ಎತ್ತುವ ಮೊದಲೇ ಕೇಳಬೇಕು: 'ಯಜಮಾನ್ರೇ, ನಿಮ್ಮ ಗಡಿ ಎಲ್ಲೈತೆ?'

ಕಲ್ಲು ಕೂರಿಸೋ ಕೈ ನಮ್ಮದು. ನಮ್ಮವ್ವಂದಿರ ದಾರಿಗೆ ಅಡ್ಡವಾಗಿ ಆ ಕೈ ಇನ್ನೊಂದು ಕಲ್ಲು ಕೂರಿಸದಿರಲಿ.