ಬೋರ್ಡಿಗಿಂತ ಮೊದಲು ಬೂಟು

ಅಕ್ಕನ ಮಗ ಹೈದರಾಬಾದಿನಲ್ಲಿ ಕೆಲಸಕ್ಕೆ ಸೇರಿ ಒಂದೂವರೆ ವರ್ಷ. ಮೊದಲ ಬೋನಸ್ ಕೈಗೆ ಬಂದ ರಾತ್ರಿಯೇ ವಾಟ್ಸಾಪಿನಲ್ಲಿ ಸಂದೇಶ: "ಮಾವ, ಬರ್ಟನ್ ತಗೊಳ್ಲಾ, ಲಿಬ್ ಟೆಕ್ ತಗೊಳ್ಲಾ? 60 ಸಾವಿರದ ತನಕ ಓಕೆ." ಹತ್ತು ನಿಮಿಷ ಬಿಟ್ಟು ಸಾಗರದಿಂದ ಅಕ್ಕನ ಫೋನು. "ಅವನ ತಲೆ ಕೆಡಿಸಬೇಡ ಮಾರಾಯ. ನೀನು ಕೈ ಮುರ್ಕೊಂಡಿದ್ದೇ ಸಾಕು."

ತಪ್ಪು ನನ್ನದೇ. ಕಳೆದ ಚಳಿಗಾಲದಲ್ಲಿ ಅವನನ್ನು ಗುಲ್ಮಾರ್ಗಿಗೆ ಕರೆದುಕೊಂಡು ಹೋದವನು ನಾನು. ನಾಲ್ಕು ದಿನ ಬಾಡಿಗೆ ಸ್ನೋಬೋರ್ಡಿನ ಮೇಲೆ ಬಿದ್ದು ಎದ್ದು, ಐದನೆಯ ದಿನ ವಿಮಾನದಲ್ಲಿ ಕೂತಾಗಲೇ ಹುಡುಗನ ಮುಖದಲ್ಲಿ ಆ ಕಳೆ ಬಂದಿತ್ತು. ನನಗೂ ಹೀಗೇ ಆಗಿತ್ತು. ಆಕಾಶದಿಂದ ಬೀಳುವುದು ಅಂದರೆ ಮಳೆ ಮಾತ್ರ ಅಂದುಕೊಂಡು ಬೆಳೆದವನು ನಾನು. ನೋಯ್ಡಾಕ್ಕೆ ಬಂದ ಮೇಲೆ, 34ನೆಯ ವಯಸ್ಸಿನಲ್ಲಿ, ಮೊದಲ ಸಲ ಹಿಮ ನೋಡಿದೆ. ದೆಹಲಿಯಿಂದ ಶ್ರೀನಗರಕ್ಕೆ ಒಂದೂವರೆ ಗಂಟೆಯ ವಿಮಾನ, ಅಲ್ಲಿಂದ ತಂಗ್‌ಮಾರ್ಗ್ ದಾಟಿ ಮೇಲೆ. ಊರಿಗೆ ಹೋಗುವುದಕ್ಕಿಂತ ಹತ್ತಿರ ಅಂತ ಅಮ್ಮನ ಹತ್ತಿರ ಹೇಳಿ ಬೈಸಿಕೊಂಡಿದ್ದೇನೆ.

ಕೈ ಮುರಿದ ಕತೆ ಎರಡು ವರ್ಷದ ಹಿಂದಿನದು. ಸಿಯಾಟಲ್‌ನಿಂದ ವಾಪಸ್ ಬಂದ ಸಹೋದ್ಯೋಗಿಯೊಬ್ಬ ತನ್ನ ಬೋರ್ಡು, ಬೈಂಡಿಂಗ್ ಎರಡನ್ನೂ ಸೇರಿಸಿ 42 ಸಾವಿರಕ್ಕೆ ಕೊಡುತ್ತೇನೆ ಅಂದ. ಕಂಪನಿಯ ಹೆಸರು ಇಲ್ಲಿ ಬೇಡ, ಅದರದ್ದೇನೂ ತಪ್ಪಿಲ್ಲ. ರಾತ್ರಿಯೆಲ್ಲ ನಾನು ಯೂಟ್ಯೂಬಿನಲ್ಲಿ ನೋಡುತ್ತಿದ್ದ ಸವಾರರ ಕಾಲಡಿ ಇದ್ದದ್ದು ಅದೇ ಲೋಗೋ. ಚಿಕ್ಕವರಿದ್ದಾಗ ನಾವು ಮರದ ಬ್ಯಾಟಿಗೆ ಎಂಆರ್‌ಎಫ್ ಸ್ಟಿಕ್ಕರ್ ಅಂಟಿಸಿಕೊಂಡು ಸಚಿನ್ ಆಗುತ್ತಿದ್ದೆವಲ್ಲ, ಹಾಗೆ. ಟಯರ್ ಮಾಡುವ ಕಂಪನಿ ಅದು ಅಂತ ಗೊತ್ತಾಗುವ ಹೊತ್ತಿಗೆ ಬ್ಯಾಟೇ ಸೀಳಿತ್ತು.

ಅಷ್ಟು ಹೊತ್ತಿಗೆ ನಾನು ಹಿಮದ ಮೇಲೆ ಕಳೆದದ್ದು ಒಟ್ಟು ಒಂಬತ್ತು ದಿನ. ಹಿಂದಿನ ವರ್ಷ ಬಾಡಿಗೆ ಬೋರ್ಡಿನಲ್ಲಿ ಸಲೀಸಾಗಿ ಇಳಿದಿದ್ದ ಇಳಿಜಾರು. ಸ್ವಂತ ಬೋರ್ಡಿನಲ್ಲಿ ಮೂರನೆಯ ದಿನ, ತಿರುವು ಮುಗಿಯುವ ಮೊದಲೇ ಕೆಳಬದಿಯ ಅಂಚು ಹಿಮಕ್ಕೆ ಕಚ್ಚಿತು. ಹಾಗೆ ಕಚ್ಚಿದರೆ ಬೀಳುವುದು ಅಂತ ಇರುವುದಿಲ್ಲ, ಯಾರೋ ಎತ್ತಿ ಒಗೆದ ಹಾಗೆ. ಅಂಗೈ ಊರಿದೆ. ಸದ್ದು ಕೇಳಿಸಿತು. ಬಲ ಮಣಿಕಟ್ಟು, ಆರು ವಾರ ಪ್ಲಾಸ್ಟರ್. ರಿಲೀಸ್ ಇದ್ದ ರಾತ್ರಿ ಎಡಗೈಯ ಒಂದೇ ಬೆರಳಿನಲ್ಲಿ ಕಮಾಂಡ್ ಹೊಡೆದೆ. ಬೆಳಿಗ್ಗೆ ಏಳು ವರ್ಷದ ಮಗಳು ನನ್ನ ಅಂಗಿಯ ಗುಂಡಿ ಹಾಕುತ್ತಿದ್ದಳು. ಹೆಂಡತಿ ಒಂದು ಮಾತೂ ಬೈಯಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು.

ಪ್ಲಾಸ್ಟರಿನ ದಿನಗಳಲ್ಲಿ ಕೂತು ಆ ಬೋರ್ಡಿನ ಮೇಲೆ ಬರೆದಿದ್ದ ಅಂಕಿಗಳನ್ನು ಮೊದಲ ಸಲ ಸರಿಯಾಗಿ ಓದಿದೆ. ಉದ್ದ 164 ಸೆಂಟಿಮೀಟರ್. ನನ್ನ ತೂಕ 72 ಕಿಲೋ. ಬೋರ್ಡು ನಿಲ್ಲಿಸಿದರೆ ಗದ್ದಕ್ಕೂ ಮೂಗಿಗೂ ನಡುವೆ ಬರಬೇಕು ಅನ್ನುವುದು ಹಳೆಯ ಲೆಕ್ಕ. ಕಂಪನಿಗಳ ಪಟ್ಟಿಯಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಎತ್ತರ ಅಲ್ಲ, ತೂಕ. ಅದು ನನಗಿಂತ ಬಹಳ ಭಾರದ ಮನುಷ್ಯನಿಗೆ ಮಾಡಿದ ಬೋರ್ಡು. ಬಿಗಿತ ಹತ್ತರಲ್ಲಿ ಎಂಟು. ಕಲಿಯುವವರಿಗೆ ಎರಡರಿಂದ ನಾಲ್ಕು ಸಾಕು, ಮೆತ್ತಗಿದ್ದರೆ ಕಾಲು ಹೇಳಿದ ಹಾಗೆ ಬಾಗುತ್ತದೆ, ಸಣ್ಣ ತಪ್ಪುಗಳನ್ನು ನುಂಗಿಕೊಳ್ಳುತ್ತದೆ. (ಒಂದು ಕಂಪನಿಯ ಐದು ಇನ್ನೊಂದರ ಐದಲ್ಲ. ನಮ್ಮ ಅಪ್ರೈಸಲ್ ರೇಟಿಂಗ್ ಇದ್ದ ಹಾಗೆ.)

ಆಕಾರವೂ ನನಗೆ ಒಪ್ಪುವುದಾಗಿರಲಿಲ್ಲ. ಬೋರ್ಡನ್ನು ನೆಲದ ಮೇಲಿಟ್ಟು ಪಕ್ಕದಿಂದ ನೋಡಿ. ನಡುಭಾಗ ಬಿಲ್ಲಿನಂತೆ ಮೇಲೆದ್ದಿದ್ದರೆ ಅದು ಕ್ಯಾಂಬರ್. ಹಿಡಿತ ಚೆನ್ನ, ವೇಗಕ್ಕೆ ಚೆನ್ನ, ಆದರೆ ತುದಿಗಳ ಹತ್ತಿರ ಅಂಚು ಸದಾ ಹಿಮಕ್ಕೆ ಒತ್ತಿಕೊಂಡಿರುವುದರಿಂದ ಹೊಸಬನ ತಪ್ಪು ಹೆಜ್ಜೆಗೆ ತಕ್ಷಣ ಕಚ್ಚುತ್ತದೆ. ದೋಣಿಯ ಹಾಗೆ ತುದಿಗಳು ಎದ್ದಿದ್ದರೆ ರಾಕರ್. ನಡುವೆ ಚಪ್ಪಟೆಯಾಗಿದ್ದು ತುದಿ ಮಾತ್ರ ಸ್ವಲ್ಪ ಎದ್ದಿರುವುದೂ ಉಂಟು. ಈ ಎರಡರಲ್ಲಿ ಅಂಚು ಅಷ್ಟು ಸುಲಭವಾಗಿ ಸಿಕ್ಕಿಕೊಳ್ಳುವುದಿಲ್ಲ. ನನ್ನದು ಪೂರ್ತಿ ಕ್ಯಾಂಬರ್.

ಅಗಲದ ವಿಷಯ ಅಂಗಡಿಯವರೂ ಮರೆಯುತ್ತಾರೆ. ಪಾದ ದೊಡ್ಡದಿದ್ದು ಬೋರ್ಡಿನ ಸೊಂಟ ಕಿರಿದಾಗಿದ್ದರೆ ತಿರುವಿನಲ್ಲಿ ಬೂಟಿನ ತುದಿ ಹಿಮಕ್ಕೆ ಉಜ್ಜಿ ಬೀಳಿಸುತ್ತದೆ. ಅಂಥವರಿಗೆ ವೈಡ್ ಅಂತಲೇ ಬೇರೆ ಬೋರ್ಡು ಬರುತ್ತದೆ. ಅಳಿಯನ ಪಾದ ನನಗಿಂತ ಎರಡು ಸೈಜ್ ದೊಡ್ಡದು. ಲಿಬ್ ಟೆಕ್ಕೋ ಬರ್ಟನ್ನೋ ಅಂತ ಕೇಳಿದವನು ಅದನ್ನು ಹೇಳಲೇ ಇಲ್ಲ.

ಹಾಗಂತ ಬ್ರ್ಯಾಂಡಿಗೆ ಅರ್ಥವೇ ಇಲ್ಲ ಅನ್ನಲಾರೆ. 1965ರಲ್ಲಿ ಮಿಶಿಗನ್ನಿನ ಶರ್ಮನ್ ಪಾಪೆನ್ ಮಗಳಿಗಾಗಿ ಎರಡು ಸ್ಕೀ ಜೋಡಿಸಿ ಮಾಡಿದ ಆಟಿಕೆ 'ಸ್ನರ್ಫರ್'. ಹುಡುಗನಾಗಿದ್ದಾಗ ಅದರ ಮೇಲೆ ಆಡಿದ್ದ ಜೇಕ್ ಬರ್ಟನ್ 1977ರಲ್ಲಿ ವರ್ಮಾಂಟಿನಲ್ಲಿ ಶುರುಮಾಡಿದ್ದು ಬರ್ಟನ್ ಕಂಪನಿ. ಲಿಬ್ ಟೆಕ್ ವಾಷಿಂಗ್ಟನ್ ರಾಜ್ಯದಲ್ಲಿ ತನ್ನದೇ ಕಾರ್ಖಾನೆಯಲ್ಲಿ ಮಾಡುತ್ತದೆ. ಅದರ ಅಲೆಯಲೆಯ ಅಂಚು ಗಟ್ಟಿ ಹಿಮದಲ್ಲಿ ಚೆನ್ನಾಗಿ ಹಿಡಿಯುತ್ತದೆ. ಕ್ಯಾಪಿಟಾದ್ದು ಆಸ್ಟ್ರಿಯಾದಲ್ಲಿ ತಯಾರಾಗುತ್ತದೆ. ಜೋನ್ಸ್ ಬೋರ್ಡುಗಳು ಬರುವುದು ದುಬೈನ ಕಾರ್ಖಾನೆಯಿಂದ, ಮರಳುಗಾಡಿನಿಂದ ಹಿಮಕ್ಕೆ! ಇವರಲ್ಲಿ ಕೆಟ್ಟ ಬೋರ್ಡು ಮಾಡುವವರು ಯಾರೂ ಇಲ್ಲ. ಆದರೆ ಒಂದೇ ಕಂಪನಿ ಹೊಸಬನಿಗೂ ಮಾಡುತ್ತದೆ, ಪಳಗಿದವನಿಗೂ ಮಾಡುತ್ತದೆ. ಬರ್ಟನ್ನಿನಲ್ಲೇ ರಿಪ್‌ಕಾರ್ಡ್ ಕಲಿಯುವವನದು, ಕಸ್ಟಮ್ ಎಕ್ಸ್ ಗಟ್ಟಿಗನದು. ಸಾಲೊಮನ್ ಪಲ್ಸ್, ನೈಟ್ರೋ ಪ್ರೈಮ್, ಕೆ2 ಸ್ಟ್ಯಾಂಡರ್ಡ್ ಇವೆಲ್ಲ ಹೊಸಬರ ಸಾಲಿನವು. ಹೆಸರಿನಲ್ಲಿ ಮಿಂಚಿಲ್ಲ, ಅದಕ್ಕೇ ಯೂಟ್ಯೂಬಿನಲ್ಲಿ ಕಾಣಿಸುವುದಿಲ್ಲ.

ನಮ್ಮಂಥವರಿಗೆ ಬ್ರ್ಯಾಂಡ್ ಅಂದರೆ ಸ್ಕ್ರೂ ಅಂತ ನನ್ನ ಅಭಿಪ್ರಾಯ. ಬರ್ಟನ್ ಬೋರ್ಡುಗಳಲ್ಲಿ ಬೈಂಡಿಂಗ್ ಕೂರುವುದು ಉದ್ದನೆಯ ಗಾಡಿಯಲ್ಲಿ, ಅದನ್ನು ಚಾನೆಲ್ ಅನ್ನುತ್ತಾರೆ. ಬೇರೆಯವರದ್ದರಲ್ಲಿ ಸಾಲು ತೂತುಗಳು. ಬರ್ಟನ್ನಿನದೇ ಇಎಸ್‌ಟಿ ಬೈಂಡಿಂಗ್ ಚಾನೆಲ್ ಇದ್ದ ಕಡೆ ಮಾತ್ರ ಕೂರುತ್ತದೆ, ರೀಫ್ಲೆಕ್ಸ್ ಎರಡಕ್ಕೂ ಆಗುತ್ತದೆ. ಸ್ಟೆಪ್ ಆನ್ ತಗೊಂಡರೆ ಬೂಟೂ ಅದಕ್ಕೆ ಹೊಂದುವುದೇ ಆಗಬೇಕು. ವಿದೇಶದಲ್ಲಿ ಬಿಡಿಭಾಗ ಮೂಲೆಯ ಅಂಗಡಿಯಲ್ಲಿ ಸಿಕ್ಕೀತು. ಫೆಬ್ರವರಿಯ ಗುಲ್ಮಾರ್ಗಿನಲ್ಲಿ ಒಂದು ಸ್ಟ್ರ್ಯಾಪ್ ಕಿತ್ತುಹೋದರೆ ರಜೆಯೇ ಹೋಯಿತು. ನನ್ನ ಚೀಲದಲ್ಲಿ ಈಗ ಸಣ್ಣ ಡಬ್ಬಿ ತುಂಬ ಸ್ಕ್ರೂ, ಒಂದು ಸ್ಕ್ರೂಡ್ರೈವರ್. ವಿಮಾನ ನಿಲ್ದಾಣದ ಭದ್ರತೆಯವರಿಗೆ ಎರಡು ಸಲ ವಿವರಿಸಿದ ಮೇಲೆ ಅದನ್ನು ಲಗೇಜಿಗೆ ಹಾಕುವುದು ಕಲಿತೆ.

ಹುಡುಗನಿಗೆ ಮಾರನೆಯ ದಿನ ಫೋನ್ ಮಾಡಿ ಹೇಳಿದ್ದು ಇಷ್ಟು. ಬೋರ್ಡು ಈ ವರ್ಷವೂ ಬಾಡಿಗೆಗೇ ಇರಲಿ. ಮೆತ್ತನೆಯದು, ಗಿಡ್ಡದು ಕೇಳು. ಬೋನಸ್ಸಿನಲ್ಲಿ ಬೂಟು ತಗೋ. ಬಾಡಿಗೆ ಬೂಟು ಹತ್ತಾರು ಜನರ ಕಾಲಿಗೆ ಅಗಲವಾಗಿರುತ್ತದೆ, ಒಳಗೆ ಹಿಮ್ಮಡಿ ಎದ್ದರೆ ಬೋರ್ಡು ಯಾವುದಾದರೂ ಅಷ್ಟೇ, ನೀನು ಹೇಳಿದ್ದು ಅದಕ್ಕೆ ಕೇಳಿಸುವುದಿಲ್ಲ. ಹೈದರಾಬಾದಿನ ಸೆಕೆಯಲ್ಲಿ ದಪ್ಪ ಕಾಲುಚೀಲ ಹಾಕಿ ಮನೆಯೊಳಗೆ ಅರ್ಧ ಗಂಟೆ ಬೂಟಿನಲ್ಲಿ ಓಡಾಡು. ನೇರ ನಿಂತಾಗ ಬೆರಳ ತುದಿ ಮುಂದೆ ಮುಟ್ಟಬೇಕು, ಮೊಣಕಾಲು ಬಗ್ಗಿಸಿದಾಗ ಹಿಂದೆ ಸರಿಯಬೇಕು, ಹಿಮ್ಮಡಿ ಏಳಬಾರದು.

"ಅಷ್ಟೇನಾ ಮಾವ? ಬ್ರ್ಯಾಂಡ್?"

"ಕಾಲಿಗೆ ಯಾವುದು ಸರಿಹೋಗತ್ತೋ ಅದು."

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ನಿಮ್ಮ ಆ 164 ಏನು ಮಾಡಿದ್ರಿ?" ಅಂದ. ಬಾಲ್ಕನಿಯಲ್ಲಿ ನಿಲ್ಲಿಸಿದ್ದೇನೆ, ಮಗಳು ಅದರ ಮೇಲೆ ಬಟ್ಟೆ ಒಣಗಿಸುತ್ತಾಳೆ ಅಂದೆ.

ಕಳೆದ ವಾರ ನೋಯ್ಡಾದ ವಿಳಾಸಕ್ಕೆ ಒಂದು ಪಾರ್ಸೆಲ್ ಬಂತು. ಕಳಿಸಿದವಳು ಅಕ್ಕ. ಒಳಗೆ ಎರಡು ಜೊತೆ ಮಣಿಕಟ್ಟಿನ ಕವಚ, ಒಂದು ದೊಡ್ಡದು, ಒಂದು ನನ್ನ ಅಳತೆಯದು. ಜೊತೆಗೆ ಅರ್ಧ ಕಿಲೋ ಹಲಸಿನಕಾಯಿ ಹಪ್ಪಳ.