ಹೃದಯದ ಲಯವೂ ಆಮದಿನ ಉಪಕರಣವೂ

ಹೃದ್ರೋಗವೆಂದರೆ ತುಪ್ಪವುಂಡು ಕುರ್ಚಿಯಲ್ಲಿ ಕುಳಿತವರ ಬೇನೆಯೆಂದು ಬಗೆದಿರುವ ಪಟ್ಟಣಿಗರು ಜಯನಗರದ 9ನೆಯ ಬ್ಲಾಕಿನಲ್ಲಿರುವ ಸರ್ಕಾರದ ಜಯದೇವ ಹೃದ್ರೋಗ ಸಂಸ್ಥೆಯ ಹೊರರೋಗಿಗಳ ಸಾಲನ್ನೊಮ್ಮೆ ನೋಡಿಬರಲಿ. ಬಾಲ್ಯದ ಗಂಟಲುಬೇನೆಯ ಬೆನ್ನಿಗೆ ಬರುವ ಕೀಲುವಾತಜ್ವರವು ಇಕ್ಕಟ್ಟಿನ ಮನೆಗಳ ಮಕ್ಕಳನ್ನೇ ಹೆಚ್ಚಾಗಿ ಹಿಡಿದು, ಹೃದಯದ ಕವಾಟವನ್ನು ಕೆಡಿಸುವುದು. ಕವಾಟವು ಕಿರಿದಾದಂತೆ ಎಡದ ಮೇಲ್ಕೋಣೆಯು ಹಿಗ್ಗಿ, ಮಿಡಿಯುವುದನ್ನು ಬಿಟ್ಟು ಅದುರತೊಡಗುವುದು. ಅಲ್ಲಿ ನಿಂತ ರಕ್ತವು ಹೆಪ್ಪುಗಟ್ಟಿ ಮಿದುಳಿಗೇರಿದರೆ ಪಾರ್ಶ್ವವಾಯುವೇ ಗತಿ.

ಈ ಅದುರುವಿಕೆಗೆ ಅಮೆರಿಕದ ಶಸ್ತ್ರವೈದ್ಯ ಡಾ. ಜೇಮ್ಸ್ ಕಾಕ್ಸ್ ಅವರು 1987ರಲ್ಲಿ ಒಂದು ಉಪಾಯವನ್ನು ಕಂಡುಕೊಂಡರು. ಮೇಲ್ಕೋಣೆಯ ಗೋಡೆಯನ್ನು ಗೊತ್ತಾದ ಗೆರೆಗಳಲ್ಲಿ ಕೊಯ್ದು ಹೊಲಿದರೆ, ದಾರಿತಪ್ಪಿದ ವಿದ್ಯುತ್ತು ಆ ಕಲೆಗಳನ್ನು ದಾಟಲಾರದು. ಆದರೆ ಅದಕ್ಕೆ ಹಿಡಿಯುವ ಹೊತ್ತೂ ರಕ್ತಸ್ರಾವದ ಭಯವೂ ಬಹಳ. ಈಗ ಕತ್ತಿಯ ಬದಲು, ಎರಡು ದವಡೆಗಳುಳ್ಳ ಚಿಮಟಿಗೆಯ ನಡುವೆ ಗೋಡೆಯನ್ನು ಹಿಡಿದು, ಸೆಕೆಂಡಿಗೆ ಲಕ್ಷಗಟ್ಟಲೆ ಸಲ ದಿಕ್ಕು ಬದಲಿಸುವ ರೇಡಿಯೋ ಆವರ್ತನದ ವಿದ್ಯುತ್ತನ್ನು ಹಾಯಿಸುವರು. ಶಾಖವು 50 ಡಿಗ್ರಿಯನ್ನು ಮೀರಲು ಜೀವಕೋಶಗಳು ಸಾಯುವುವು, ಗೆರೆಯು ಮೂಡುವುದು. ಗೋಡೆಯು ಪೂರ್ತಿ ಬೆಂದಿತೆಂಬುದನ್ನು ವಿದ್ಯುತ್ತಿನ ಹರಿವು ಕುಗ್ಗುವುದರಿಂದ ಯಂತ್ರವೇ ತಿಳಿದು ಹೇಳುವುದು.

ಕವಾಟವನ್ನು ಬದಲಿಸಲು ಎದೆಯನ್ನು ತೆರೆದ ಸಮಯವೇ ಇದಕ್ಕೆ ತಕ್ಕ ಸಮಯ. ಇದರಿಂದ ಎಲ್ಲರೂ ಗುಣವಾಗುವರೆಂದು ನಾವು ಹೇಳೆವು. ಬಹುಕಾಲ ಅದುರಿ ಬಹಳ ಹಿಗ್ಗಿದ ಕೋಣೆಯಲ್ಲಿ ಲಯವು ಮರಳುವುದು ಕಷ್ಟ. ಲೋಹದ ಕವಾಟವನ್ನು ಇಟ್ಟವರಿಗೆ ರಕ್ತವು ಹೆಪ್ಪುಗಟ್ಟದಂತೆ ನುಂಗುವ ಮಾತ್ರೆಯೂ ತಪ್ಪದು. ಆದರೂ ಲಯವು ಮರಳಿದವನಿಗೆ ಏದುಸಿರಿಲ್ಲದೆ ಮೆಟ್ಟಿಲೇರುವ ಚೈತನ್ಯವುಂಟಾದರೆ, ಕೂಲಿಕಾರನಿಗೆ ಅದು ಅಲ್ಪ ಲಾಭವೇ?

ಸಂಕಟವಿರುವುದು ಚಿಮಟಿಗೆಯ ಬೆಲೆಯಲ್ಲಿ. ನಮ್ಮ ದೇಶವು ಬಳಸುವ ವೈದ್ಯೋಪಕರಣಗಳಲ್ಲಿ ಬಹುಪಾಲು ಹೊರಗಿನಿಂದ ಬರತಕ್ಕವು. ಇದಂತೂ ಒಬ್ಬ ರೋಗಿಗೆ ಬಳಸಿ ಎಸೆಯತಕ್ಕ ಸಾಮಾನು. ಸಿರಿವಂತರ ದೇಶದ ಲೆಕ್ಕಾಚಾರವನ್ನು ಬಡವರ ಆಸ್ಪತ್ರೆಯ ಮೇಲೆ ಹೇರಿದಂತಾಗಿದೆ.

ಇದನ್ನು ಇಲ್ಲಿಯೇ ಮಾಡಲಾಗದೆಂಬ ಮಾತನ್ನು ನಾವು ಒಪ್ಪೆವು. ಮುಂದೆ ನಮ್ಮ ಮಣಿಪಾಲಕ್ಕೆ ಕುಲಪತಿಗಳಾಗಿ ಬಂದ ಡಾ. ವಲಿಯತ್ತಾನರು ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಸ್ವದೇಶೀ ಕವಾಟವನ್ನು ಮಾಡಹೊರಟಾಗ ಮೂರು ಮಾದರಿಗಳು ಕೆಟ್ಟವು. ನಾಲ್ಕನೆಯದು ನಿಂತು, 1990ರ ಡಿಸೆಂಬರಿನಲ್ಲಿ ರೋಗಿಯೊಬ್ಬನ ಎದೆಯನ್ನು ಸೇರಿತು. ಅಷ್ಟು ದೂರವೇಕೆ? 2020ರ ಸಾಂಕ್ರಾಮಿಕದಲ್ಲಿ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್‌ನವರು ಮೈಸೂರಿನ ಸ್ಕ್ಯಾನ್‌ರೇ ಕಂಪೆನಿಯೊಡನೆ ಕೂಡಿ 30,000 ವೆಂಟಿಲೇಟರುಗಳನ್ನು ತಯಾರಿಸಿಕೊಟ್ಟರು. ಶಸ್ತ್ರಚಿಕಿತ್ಸೆಯಲ್ಲಿ ರಕ್ತವನ್ನು ಕಟ್ಟಿಸುವ ಡಯಾಥರ್ಮಿ ಯಂತ್ರಗಳನ್ನು ಭಾರತೀಯರು ಮಾಡುತ್ತಲೇ ಇದ್ದಾರೆ. ಈ ಯಂತ್ರವೂ ಅದೇ ಕುಲದ್ದು.

2023ರಲ್ಲಿ ಕೇಂದ್ರ ಸರ್ಕಾರದವರು ವೈದ್ಯೋಪಕರಣ ನೀತಿಯೊಂದನ್ನು ಪ್ರಕಟಿಸಿದರು. ನೀತಿಯ ಕಾಗದದಿಂದ ಚಿಮಟಿಗೆ ಹುಟ್ಟದು. ರಾಜ್ಯ ಸರ್ಕಾರದವರು ಜಯದೇವದ ಶಸ್ತ್ರವೈದ್ಯರನ್ನೂ ವಿಜ್ಞಾನ ಮಂದಿರದ ವಿದ್ವಾಂಸರನ್ನೂ ಜಾಲಹಳ್ಳಿಯ ಇಂಜಿನಿಯರುಗಳನ್ನೂ ಒಂದೆಡೆ ಕೂರಿಸಿ, ಹಣವನ್ನೂ ಅವಧಿಯನ್ನೂ ಗೊತ್ತುಮಾಡಿ ಕೆಲಸವನ್ನು ಒಪ್ಪಿಸಲಿ. ಮೊದಲು ಪ್ರಾಣಿಗಳಲ್ಲಿ, ಅನಂತರ ಒಪ್ಪಿಗೆಯಿತ್ತ ರೋಗಿಗಳಲ್ಲಿ ಪರೀಕ್ಷೆ ನಡೆಯಲಿ. ವರ್ಷ ಕಳೆದ ಮೇಲೆ ಎಷ್ಟು ಮಂದಿಯ ಲಯವು ನಿಂತಿತು, ಎಷ್ಟು ಮಂದಿಯದು ನಿಲ್ಲಲಿಲ್ಲ ಎಂಬ ಎರಡು ಲೆಕ್ಕಗಳನ್ನೂ ಮುಚ್ಚುಮರೆಯಿಲ್ಲದೆ ಅಚ್ಚುಮಾಡಿಸಲಿ.