ಸಹಾಯ ಪಡೆಯುವುದೂ ಒಂದು ಕಲಿಕೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಊರುಗಳಲ್ಲಿ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆರೆಯವರು, ಬೀಗರು ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಊಟ ಬೇಕೇ ಎಂದು ಕೇಳುವುದಿಲ್ಲ. ತಾಟು ಮುಂದಿಟ್ಟು ಪಕ್ಕದಲ್ಲಿ ಕೂರುತ್ತಾರೆ. ಕ್ರಿಯಾಕರ್ಮ ಮುಗಿದ ಕೆಲವೇ ದಿನಗಳಲ್ಲಿ ಬುತ್ತಿ ನಿಲ್ಲುತ್ತದೆ, ಮಗು ಶಾಲೆಗೆ ಮರಳುತ್ತದೆ. ಅಲ್ಲಿಂದ ಮುಂದೆ ಪಕ್ಕದಲ್ಲಿ ಕೂರುವ ಹೊಣೆ ಶಿಕ್ಷಕರದು ಎಂಬುದು ನನ್ನ ಅಭಿಪ್ರಾಯ.

ಪದವಿಯ ಎರಡನೆಯ ವರ್ಷದಲ್ಲಿ ನನ್ನ ತಂದೆ ತೀರಿಕೊಂಡರು. 'ಏನರೆ ಬೇಕಾದ್ರ ಹೇಳು' ಎಂದವರಿಗೆಲ್ಲ 'ಏನೂ ಬ್ಯಾಡ' ಎನ್ನುತ್ತಿದ್ದೆ. ದುಃಖದಲ್ಲಿರುವವರಿಗೆ ಬೇಕಾದ್ದನ್ನು ಕೇಳುವ ತ್ರಾಣ ಇರುವುದಿಲ್ಲ. ಪಡೆದರೆ ಋಣವಾದೀತೆಂಬ ಅಂಜಿಕೆಯೂ ಇರುತ್ತದೆ. ಒಬ್ಬ ಗೆಳತಿ ಮಾತ್ರ ಏನೂ ಕೇಳದೆ ದಿನದ ನೋಟ್ಸನ್ನು ನನ್ನ ಡೆಸ್ಕಿನ ಮೇಲಿಡುತ್ತಿದ್ದಳು. ಬೇಡವೆಂದರೂ ಮರುದಿನ ಮತ್ತೆ ಇಡುತ್ತಿದ್ದಳು. ಒಮ್ಮೆ ಟೈಟ್ರೇಶನ್ ಮಾಡುವಾಗ 'ಎಂಡ್ ಪಾಯಿಂಟ್ ಬಂತೇನ್ ನೋಡ' ಎಂದು ನನ್ನನ್ನು ಕರೆದಳು. ಅವಳಿಗೂ ನನ್ನಿಂದ ಉಪಯೋಗವಿದೆ ಎಂದು ತಿಳಿದ ಮೇಲೆ ಆ ನೋಟ್ಸ್ ಭಾರವೆನಿಸಲಿಲ್ಲ.

ಈ ತಿಳಿವು ನಮ್ಮ ಹೊಲಗಳಲ್ಲೇ ಇದೆ. ಮುಯ್ಯಾಳು ಪದ್ಧತಿಯಲ್ಲಿ ಇಂದು ನೀವು ನಮ್ಮ ಹೊಲಕ್ಕೆ, ನಾಳೆ ನಾವು ನಿಮ್ಮ ಹೊಲಕ್ಕೆ; ಅಲ್ಲಿ ಯಾರೂ ಸಣ್ಣವರಾಗುವುದಿಲ್ಲ. 1989ರಲ್ಲಿ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದಾಗ ರೈತರು ಹಣವನ್ನೂ ಶ್ರಮವನ್ನೂ ತಾವೇ ಕೂಡಿಸಿದರು. ಕೊಟ್ಟವರೂ ಅವರೇ, ಪಡೆದವರೂ ಅವರೇ. ತರಗತಿಯಲ್ಲೂ ಕೊಡುವ ಅವಕಾಶ ಸಿಕ್ಕ ಮಗುವಿಗೆ ಪಡೆಯುವುದು ಸುಲಭವಾಗುತ್ತದೆ.

ಬೋಧನಾಭ್ಯಾಸದಲ್ಲಿ ಎಂಟನೆಯ ತರಗತಿಗೆ ಸೂಕ್ಷ್ಮಜೀವಿಗಳ ಪಾಠ ಮಾಡುವುದಿತ್ತು. ತಾಯಿಯನ್ನು ಕಳೆದುಕೊಂಡು ಕೊನೆಯ ಬೆಂಚಿನಲ್ಲಿ ಒಬ್ಬನೇ ಕೂರುತ್ತಿದ್ದ ಹುಡುಗನಿಗೆ ಬೇರುಸಹಿತ ಕಡಲೆ ಗಿಡ ತರಲು ಹೇಳಿದೆ. ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಾ ಗಿಡಕ್ಕೆ ಸಾರಜನಕ ಒದಗಿಸುತ್ತವೆ, ಗಿಡ ಅವಕ್ಕೆ ಆಹಾರ ಕೊಡುತ್ತದೆ. ಆ ಗಂಟುಗಳನ್ನು ಬೆಂಚಿನಿಂದ ಬೆಂಚಿಗೆ ಹೋಗಿ ತೋರಿಸಿದವನು ಅವನೇ. ಹೆಚ್ಚು ಮಾತಾಡಲಿಲ್ಲ. ಆದರೆ ಅದೇ ವಾರ ಪಕ್ಕದವನ ವಹಿ ಕೇಳಿ, ಬಿಟ್ಟುಹೋದ ಪಾಠಗಳನ್ನು ಬರೆದುಕೊಂಡ.

ಶಿಕ್ಷಕರು ಆಪ್ತಸಮಾಲೋಚಕರಲ್ಲ, ಪಾಠ ಮುಗಿಸಲೇ ಸಮಯವಿಲ್ಲ ಎಂಬ ಮಾತು ಸ್ಟಾಫ್ ರೂಮಿನಲ್ಲಿ ಕೇಳಿಬರುತ್ತದೆ. ನಿಜ, ಆಳವಾದ ದುಃಖಕ್ಕೆ ತಜ್ಞರೇ ಬೇಕು. ಆದರೆ ಇಲ್ಲಿ ಹೇಳಿದ್ದಕ್ಕೆ ಪ್ರತ್ಯೇಕ ಅವಧಿ ಬೇಕಿಲ್ಲ. ತರಗತಿಯ ಮುಂದೆ ಅನುಕಂಪ ತೋರಿಸದಿರುವುದು, ಮಗು ಬೇಡವೆಂದರೂ ಬೇಸರಿಸದೆ ಮರುದಿನ ಮತ್ತೆ ಹತ್ತಿರ ಹೋಗುವುದು, ಅದರ ಕೈಗೊಂದು ನಿಜವಾದ ಕೆಲಸ ಕೊಡುವುದು ಸಾಕು.

ನಮ್ಮ ವೀಕ್ಷಣಾ ಪತ್ರದಲ್ಲಿ ಪೀಠಿಕೆಗೆ, ಪ್ರಶ್ನೆ ಕೇಳುವುದಕ್ಕೆ, ಕಪ್ಪುಹಲಗೆಯ ಬಳಕೆಗೆ ಅಂಕಗಳಿವೆ. ಒಂಟಿಯಾಗಿರುವ ಮಗುವಿಗೆ ಇಂದು ಯಾವ ಕೆಲಸ ವಹಿಸಿದಿರಿ ಎಂಬ ಒಂದು ಸಾಲೂ ಅದರಲ್ಲಿ ಸೇರಲಿ. ಅದಕ್ಕೆ ಅಂಕ ಬೇಡ.